ಅಪ್ಪನ ಫ್ಲಾಸ್ಕು, ಮಾರಾದ ನ್ಯುಂಬು

ಕೀನ್ಯಾದ ಮಾರಾ ನದಿಯ ದಡದಲ್ಲಿ ಮೂರು ಗಂಟೆ ಹತ್ತು ನಿಮಿಷ ಕಾದೆವು. ಆಚೆ ದಡದಲ್ಲಿ ಸಾವಿರಗಟ್ಟಲೆ ನ್ಯುಂಬುಗಳು, ಈಚೆ ದಡದಲ್ಲಿ ಛಾವಣಿ ಎತ್ತಿಕೊಂಡು ನಿಂತ ಇಪ್ಪತ್ತಕ್ಕೂ ಹೆಚ್ಚು ವ್ಯಾನುಗಳು. ನ್ಯುಂಬು ಎಂಬುದು ವೈಲ್ಡಬೀಸ್ಟಿನ ಸ್ವಾಹಿಲಿ ಹೆಸರು. ನನ್ನ ನಾಲಿಗೆಗೆ ಅದೇ ಸಲೀಸು, ಅದನ್ನೇ ಬಳಸುತ್ತೇನೆ. ಟೀವಿಯಲ್ಲಿ ನೀವು ನೋಡಿರುತ್ತೀರಿ: ಹಿಂಡು ನೀರಿಗೆ ಧುಮುಕುತ್ತದೆ, ಮೊಸಳೆ ಬಾಯಿ ತೆರೆಯುತ್ತದೆ, ಹಿನ್ನೆಲೆಯಲ್ಲಿ ಯಾರೋ ನಗಾರಿ ಬಡಿಯುತ್ತಾರೆ. ನಾನು ನೋಡಿದ್ದು ಅದಲ್ಲ. ಮುಂದಿದ್ದ ಒಂದು ಮುದಿ ಪ್ರಾಣಿ ದಡದ ಅಂಚಿಗೆ ಬಂದು ಮೂತಿ ಚಾಚಿ ನೀರನ್ನು ಮೂಸಿತು. ಹಿಂದಿನವು ನೂಕಿದವು. ಅದು ಕಾಲೂರಿ ನಿಂತು, ಪಕ್ಕಕ್ಕೆ ಸರಿದು ಮತ್ತೊಂದಕ್ಕೆ ಜಾಗ ಬಿಟ್ಟಿತು. ಆ ಇನ್ನೊಂದೂ ಮೂಸಿ ನೋಡಿ ಸರಿದುಕೊಂಡಿತು. ಮದುವೆ ಮನೆಯಲ್ಲಿ ಮೊದಲ ಪಂಕ್ತಿಗೆ ‘ನೀವು ಕೂರಿ, ನೀವು ಕೂರಿ’ ಎಂದು ಒಬ್ಬರನ್ನೊಬ್ಬರು ಮುಂದೆ ಮಾಡುತ್ತಾರಲ್ಲ, ಹಾಗೆ. ಹೀಗೆ ಮೂರು ಗಂಟೆ ನಡೆಯಿತು. ಕೊನೆಗೆ ಎಲ್ಲೋ ಒಂದು ಜೀಬ್ರಾ ಬೆದರಿ ಕೂಗಿದ್ದೇ ನೆಪವಾಗಿ, ಇಡೀ ಹಿಂಡು ಹಿಂದಿರುಗಿ ದಿಬ್ಬ ಹತ್ತಿತು.

“ಪೋಲೆ, ಮಾಮಾ” ಎಂದ ನಮ್ಮ ಚಾಲಕ.

ಇಲ್ಲಿ ಮಾಮಾ ಎಂದರೆ ತಾಯಿ. ವಯಸ್ಸಾದ ಹೆಂಗಸರನ್ನೆಲ್ಲ ಮರ್ಯಾದೆಯಿಂದ ಹಾಗೆ ಕರೆಯುತ್ತಾರೆ. ಮೊದಲ ದಿನ ಅದನ್ನು ಕೇಳಿ ನನ್ನ ಮಗಳು ಬಿದ್ದು ಬಿದ್ದು ನಕ್ಕಿದ್ದಳು. ಪೋಲೆ ಎಂಬ ಪದವನ್ನು ಮಾತ್ರ ಕನ್ನಡಕ್ಕೆ ತರಲು ನನ್ನಿಂದಾಗಿಲ್ಲ. ಎಡವಿದವರಿಗೂ ಹೇಳುತ್ತಾರೆ, ಸಾವಿನ ಮನೆಯಲ್ಲೂ ಹೇಳುತ್ತಾರೆ, ಬಸ್ಸು ತಪ್ಪಿದರೂ ಹೇಳುತ್ತಾರೆ. ತಪ್ಪು ತನ್ನದೇ ಆಗಿರಬೇಕೆಂದಿಲ್ಲ. ‘ಕ್ಷಮಿಸಿ’ ಎಂದರೆ ಹೆಚ್ಚಾಯಿತು, ‘ಅಯ್ಯೋ ಪಾಪ’ ಎಂದರೆ ಮೇಲಿನಿಂದ ನೋಡಿದ ಹಾಗಾಯಿತು. ಎರಡರ ನಡುವೆ ಎಲ್ಲೋ ಇರುವ ಮಾತು ಅದು.

ಮಗಳಿಗೆ ನಿರಾಸೆಯಾಗಿತ್ತು. ನೈರೋಬಿಯಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷವಾದರೂ, ಅಮ್ಮ ಬಂದ ಮೇಲೆಯೇ ಹೋಗೋಣವೆಂದು ಮಾಸಾಯಿ ಮಾರಾ ಎಂಬ ಈ ವನ್ಯಜೀವಿ ಮೀಸಲನ್ನು ಕಾದಿರಿಸಿದ್ದವಳು. ಜುಲೈಯಿಂದ ಡಿಸೆಂಬರ್‌ವರೆಗೆ ನನ್ನಂಥ ಹೊರದೇಶದವರಿಗೆ ದಿನಕ್ಕೆ 200 ಡಾಲರ್ ಪ್ರವೇಶ ಶುಲ್ಕ. ಮೂರು ಗಂಟೆಗೆ ಎಷ್ಟಾಯಿತೆಂದು ನಾನೂ ಮನಸ್ಸಿನಲ್ಲೇ ಲೆಕ್ಕ ಹಾಕಿದ್ದುಂಟು. ಶಾಲೆ ಬಿಟ್ಟು ವರ್ಷಗಳಾದರೂ ಟೀಚರಮ್ಮನಿಗೆ ಭಾಗಾಕಾರ ಬಿಟ್ಟಿಲ್ಲ. ಆದರೆ ಅಷ್ಟರಲ್ಲಿ ಗಾಳಿ ತಿರುಗಿ ಆಚೆ ದಡದ ವಾಸನೆಯನ್ನು ನಮ್ಮ ಕಡೆಗೆ ತಂದಿತು. ಸಗಣಿ, ಗಂಜಲ, ತುಳಿದ ಹಸಿ ಹುಲ್ಲು, ಬೆವೆತ ಚರ್ಮ. ಪಕ್ಕದ ವ್ಯಾನಿನವರು ಮೂಗು ಮುಚ್ಚಿಕೊಂಡರು. ನಾನು ಕಣ್ಣು ಮುಚ್ಚಿಕೊಂಡೆ. ಅದು ಅಜ್ಜಂಪುರದ ಸೀಮೆಯ ದನದ ಆಸ್ಪತ್ರೆಯ ಹಿತ್ತಿಲಿನ ವಾಸನೆ.

ಅಪ್ಪ ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದರು. ಡಾಕ್ಟರು ವಾರಕ್ಕೆರಡು ದಿನ ಬರುತ್ತಿದ್ದರಾದ್ದರಿಂದ ಉಳಿದ ದಿನ ಊರಿಗೆಲ್ಲ ಅಪ್ಪನೇ ಡಾಕ್ಟರು. ಮನೆಯಲ್ಲಿ ಒಂದು ನೀಲಿ ಫ್ಲಾಸ್ಕು ಇತ್ತು. ಅದಕ್ಕೆ ಕಾಫಿ ಹಾಕುವಂತಿರಲಿಲ್ಲ, ನಾವು ಮಕ್ಕಳು ಮುಟ್ಟುವಂತೆಯೂ ಇರಲಿಲ್ಲ. ದೊಡ್ಡರೋಗದ ಲಸಿಕೆ ಹಾಕುವ ದಿನ ಬೆಳಗಿನ ಜಾವ ಕಡೂರಿನಿಂದ ಬರುವ ಬಸ್ಸಿನಲ್ಲಿ ಹೊಟ್ಟಿನಲ್ಲಿ ಹುದುಗಿಸಿದ ಐಸು ಬರುತ್ತಿತ್ತು. ಅದನ್ನು ಒಡೆದು ಫ್ಲಾಸ್ಕಿಗೆ ತುಂಬಿ, ಅದರೊಳಗೆ ಲಸಿಕೆಯ ಬಾಟಲಿಗಳನ್ನಿಳಿಸಿ, ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಅಪ್ಪ ಹೊರಡುತ್ತಿದ್ದರು. ಬೇಸಿಗೆ ರಜೆಯಲ್ಲಿ ಮುಂದಿನ ಕಂಬಿಯ ಮೇಲೆ ನಾನು. ಎಷ್ಟು ದನಕ್ಕೆ ಸೂಜಿ ಬಿತ್ತು ಎಂದು ನೋಟ್‌ಬುಕ್ಕಿನಲ್ಲಿ ಐದೈದು ಗೆರೆ ಎಳೆಯುವುದು ನನ್ನ ಕೆಲಸ. ಪುಡಿಯ ಲಸಿಕೆಯನ್ನು ಸಲೈನಿನಲ್ಲಿ ಕದಡಿದ ಮೇಲೆ ಕೆಲವೇ ಗಂಟೆಗಳಲ್ಲಿ ಮುಗಿಸಬೇಕು, ಉಳಿದರೆ ಚೆಲ್ಲಬೇಕು. ಆದ್ದರಿಂದಲೇ ಅಪ್ಪ ಯಾರ ಮೇಲಾದರೂ ರೇಗಿದ್ದನ್ನು ನಾನು ನೋಡಿದ್ದರೆ ಅದು ತಡವಾಗಿ ದನ ಹೊಡೆದುಕೊಂಡು ಬಂದವರ ಮೇಲೆ. ಸೂಜಿ ಚುಚ್ಚಿದರೆ ಹಾಲು ಇಂಗುತ್ತದೆಂದು ಹಸುಗಳನ್ನು ತೋಟದ ಮನೆಗೆ ಅಟ್ಟಿದವರೂ ಇದ್ದರು.

ದೊಡ್ಡರೋಗ ಎಂದರೆ ಇಂದಿನ ಮಕ್ಕಳಿಗೆ ಗೊತ್ತಾಗಲಿಕ್ಕಿಲ್ಲ. ಮೊದಲು ಜ್ವರ, ಕಣ್ಣಲ್ಲಿ ನೀರು, ಬಾಯೆಲ್ಲ ಹುಣ್ಣು, ಆಮೇಲೆ ನಿಲ್ಲದ ಭೇದಿ. ಹತ್ತು ಹನ್ನೆರಡು ದಿನದೊಳಗೆ ಕೊಟ್ಟಿಗೆ ಬರಿದು. ಅಜ್ಜಿಯ ಕಾಲದಲ್ಲಿ ಅದು ಮಾರಮ್ಮನ ಸಿಟ್ಟು. ಮಾರಿಯನ್ನು ಊರ ಗಡಿ ದಾಟಿಸಿ ಬರುವುದೇ ಮದ್ದು. ಮಾರಿ ಗಡಿ ದಾಟಿದರೆ ಪಕ್ಕದೂರಿಗೆ ಹೋಗುತ್ತದೆ, ಅವರು ಅದರಾಚೆಗೆ ಕಳಿಸುತ್ತಾರೆ. ಸಾಂಕ್ರಾಮಿಕ ಎಂದರೇನೆಂದು ಅಜ್ಜಿಯ ಕಾಲದವರಿಗೆ ಚೆನ್ನಾಗಿಯೇ ತಿಳಿದಿತ್ತು ಎನ್ನಿ. 1920ರ ದಶಕದಲ್ಲಿ ಮೈಸೂರು ಸಂಸ್ಥಾನ ಹೆಬ್ಬಾಳದಲ್ಲಿ ಸೀರಂ ಸಂಸ್ಥೆಯನ್ನು ತೆರೆದದ್ದೂ ಈ ರೋಗದ ಕಾಟದಿಂದಲೇ.

ಇದನ್ನೆಲ್ಲ ಆ ರಾತ್ರಿ ಕ್ಯಾಂಪಿನ ಬೆಂಕಿಯ ಮುಂದೆ ಮಗಳಿಗೆ ಹೇಳುತ್ತಿದ್ದೆ. ನಮ್ಮ ಚಾಲಕನೂ ಕೂತಿದ್ದ. ಅವನು ಮಾಸಾಯಿ, ದನ ಸಾಕುವ ಅಲ್ಲಿನ ಜನಾಂಗದವನು; ಮೀಸಲಿನ ಸೆಕೆನಾನಿ ಗೇಟಿನ ಹತ್ತಿರದವನು. ಅವಳು ಇಂಗ್ಲಿಷಿನಲ್ಲಿ ಅವನಿಗೆ ಹೇಳಿದಾಗ, ರೋಗದ ಹೆಸರಿಗೆ ತಡವರಿಸಿದಳು. “ರಿಂಡರ್‌ಪೆಸ್ಟ್” ಎಂದೆ; ಅಪ್ಪನ ರಿಜಿಸ್ಟರಿನಲ್ಲಿ ಓದಿದ್ದ ಪದ. ಅವನು ಕುಳಿತಲ್ಲೇ ನೆಟ್ಟಗಾದ. “ಎಮುತಾಯ್” ಎಂದ. ಒಂದೂ ಉಳಿಯದಂತೆ ಗುಡಿಸಿಹಾಕಿದ್ದು ಎಂದರ್ಥವಂತೆ. ಮಾಸಾಯಿಗಳು 1890ರ ದಶಕವನ್ನು ಆ ಹೆಸರಿನಿಂದಲೇ ನೆನೆಯುತ್ತಾರೆ.

ನಾವು ಬಂದ ದಾರಿಯಲ್ಲಿ, ರಿಫ್ಟ್ ಕಣಿವೆಗೆ ಇಳಿಯುವ ಘಾಟಿಯ ಬುಡದಲ್ಲಿ, ಮಾಯ್ ಮಹಿಯೂ ಎಂಬ ಊರಿನ ಹತ್ತಿರ ಒಂದು ಪುಟ್ಟ ಚರ್ಚು ನೋಡಿದ್ದೆವು. 1942ರಲ್ಲಿ ಇಟಲಿಯ ಯುದ್ಧಕೈದಿಗಳು ರಸ್ತೆ ಕೆಲಸದ ನಡುವೆ ಕಟ್ಟಿದ್ದು. ನಮ್ಮೂರಿನ ಚೌಡಮ್ಮನ ಗುಡಿಗಿಂತ ಸ್ವಲ್ಪ ದೊಡ್ಡದು, ಅಷ್ಟೆ. ಇಟಲಿಯವರ ಲೆಕ್ಕದಲ್ಲಿ ಆ ಚರ್ಚು ಜಮೆಯ ಕಡೆ. ಖರ್ಚಿನ ಕಡೆ ಇರುವುದು ಇದು: 1880ರ ದಶಕದ ಕೊನೆಯಲ್ಲಿ ಅವರ ಸೈನ್ಯಕ್ಕೆಂದು ಎರಿಟ್ರಿಯದ ಕರಾವಳಿಯಲ್ಲಿ ಇಳಿಸಿದ ದನಗಳೊಂದಿಗೆ ದೊಡ್ಡರೋಗವೂ ಇಳಿಯಿತು. ಆ ದನಗಳು ಭಾರತದವು ಎಂಬ ಮಾತು ಹಲವು ಪುಸ್ತಕಗಳಲ್ಲಿದೆ. ಅಲ್ಲಿಂದ ಹತ್ತು ವರ್ಷದೊಳಗೆ ಅದು ಖಂಡದ ದಕ್ಷಿಣ ತುದಿ ಮುಟ್ಟಿತು. ಪೂರ್ವ ಆಫ್ರಿಕಾದಲ್ಲಿ ನೂರಕ್ಕೆ ತೊಂಬತ್ತರಷ್ಟು ದನ ಸತ್ತವೆನ್ನುತ್ತಾರೆ. ಹಾಲು ರಕ್ತಗಳನ್ನು ನಂಬಿ ಬದುಕಿದ್ದ ಮಾಸಾಯಿಗಳು ಹಸಿವಿನಿಂದಲೂ ಜೊತೆಗೆ ಬಂದ ಸಿಡುಬಿನಿಂದಲೂ ಸತ್ತರು. ದನವಿಲ್ಲದ ಬಯಲಿನಲ್ಲಿ ಪೊದೆ ಬೆಳೆಯಿತು, ಪೊದೆಯಲ್ಲಿ ನಿದ್ರಾರೋಗ ಹರಡುವ ತ್ಸೆತ್ಸೆ ನೊಣ ಸೇರಿತು. ಆಮೇಲೆ ಬಂದ ಬಿಳಿಯರು ನೋಡಿ, ಆಹಾ, ಮನುಷ್ಯರ ಸೋಂಕಿಲ್ಲದ ಆದಿಮ ಅರಣ್ಯ ಎಂದರು. ಸೂತಕದ ಮನೆಗೆ ಬಂದವನು ಎಷ್ಟು ಪ್ರಶಾಂತವಾಗಿದೆ ಎಂದ ಹಾಗೆ.

ರೋಗ ದನಗಳಷ್ಟಕ್ಕೇ ನಿಲ್ಲಲಿಲ್ಲ. ಕಾಡೆಮ್ಮೆಗೂ ಬಂತು, ನ್ಯುಂಬುವಿಗೂ ಬಂತು. ನ್ಯುಂಬುವಿನ ಮುಖ ಕುದುರೆಯಂತೆ ಉದ್ದವಾಗಿದ್ದರೂ ಗೊರಸು ಸೀಳಿದ್ದು, ಮೆಲುಕು ಹಾಕುವಂಥದ್ದು, ದನದ ಬಳಗದ್ದೇ. ತಾಯಿಯ ಹಾಲಿನಿಂದ ಬಂದ ರಕ್ಷಣೆ ಇಳಿಯುತ್ತಿದ್ದಂತೆ ಕರುಗಳು ಸಾಯುತ್ತಿದ್ದವು. 1961ರ ಸುಮಾರಿಗೆ ಗಡಿಯಾಚೆ ಟಾಂಜಾನಿಯಾದ ಸೆರೆಂಗೆಟಿ ಬಯಲು ಮತ್ತು ಮಾರಾ ಸೇರಿ ಇದ್ದ ನ್ಯುಂಬುಗಳು ಎರಡೂವರೆ ಲಕ್ಷದ ಆಸುಪಾಸು. ಸುತ್ತಲಿನ ಹಳ್ಳಿಗಳ ದನಗಳಿಗೆ ಲಸಿಕೆ ಹಾಕುತ್ತಾ ಬಂದಂತೆ 1963ರ ಹೊತ್ತಿಗೆ ಕಾಡಿನಲ್ಲಿಯೂ ರೋಗ ನಿಂತಿತು. ನ್ಯುಂಬುಗಳಿಗೆ ಯಾರೂ ಸೂಜಿ ಚುಚ್ಚಲಿಲ್ಲ, ಚುಚ್ಚಲು ಅವು ನಿಲ್ಲುವುದಾದರೂ ಎಲ್ಲಿ! ದನಗಳನ್ನು ಕಾಪಾಡಿದ್ದೇ ಸಾಕಾಯಿತು. 1977ರಲ್ಲಿ ಎಣಿಸಿದಾಗ ಸಂಖ್ಯೆ 13 ಲಕ್ಷ ದಾಟಿತ್ತು. ಅಷ್ಟು ಬಾಯಿಗಳು ಮೇಯ್ದು ಹುಲ್ಲು ಗಿಡ್ಡವಾಯಿತು, ಕಾಳ್ಗಿಚ್ಚು ಕಡಿಮೆಯಾಯಿತು, ಸಸಿಗಳು ಸುಡದೆ ಮರವಾದವು, ಸಿಂಹಗಳಿಗೆ ಊಟ ಹೆಚ್ಚಿತು.

ನಾನು 200 ಡಾಲರ್ ತೆತ್ತು ನೋಡಲು ಬಂದ ‘ಪ್ರಕೃತಿಯ ಅದ್ಭುತ’ದ ಒಂದು ದೊಡ್ಡ ಪಾಲು ಅಪ್ಪನಂಥ ಕಾಂಪೌಂಡರುಗಳ ಕೆಲಸ.

ನೆಟ್‌ವರ್ಕ್ ಸಿಕ್ಕಿದ ಕೂಡಲೇ ಮಗಳು ಇನ್ನಷ್ಟು ಹುಡುಕಿದಳು. ಅಪ್ಪ ಕೆಲಸಕ್ಕೆ ಸೇರಿದ ಕಾಲದಲ್ಲಿ ನಮ್ಮಲ್ಲಿ ಬಳಸುತ್ತಿದ್ದದ್ದು ಆಡಿನ ಮೈಯಲ್ಲಿ ಪಳಗಿಸಿದ ವೈರಾಣುವಿನ ಲಸಿಕೆ. ಮಿಶ್ರತಳಿ ಹಸುಗಳಿಗೆ ಅದು ಜೋರು ಜ್ವರ ತರಿಸುತ್ತಿತ್ತು. ಅಪ್ಪ ಅದಕ್ಕಾಗಿ ಬೈಸಿಕೊಂಡದ್ದು ನನಗೆ ನೆನಪಿದೆ. ಆಮೇಲೆ ಬಂದದ್ದು ವಾಲ್ಟರ್ ಪ್ಲೌರೈಟ್ ಎಂಬ ವಿಜ್ಞಾನಿ 1960ರ ಸುಮಾರಿಗೆ ಸಿದ್ಧಪಡಿಸಿದ ಲಸಿಕೆ. ವೈರಾಣುವನ್ನು ಕರುವಿನ ಮೂತ್ರಪಿಂಡದ ಕೋಶಗಳಲ್ಲಿ ಮತ್ತೆ ಮತ್ತೆ ಬೆಳೆಸಿ, ಹಲ್ಲು ಕಿತ್ತ ಹಾವಿನಂತೆ ಮಾಡಿ ಬಿಟ್ಟದ್ದು. ಭಾರತವೂ ಕೊನೆಗೆ ಅದನ್ನೇ ಹಿಡಿಯಿತು. ಆ ವೈರಾಣು ತಳಿಯ ಹೆಸರು ಕಬೆಟೆ ಓ; ಸಿಕ್ಕಿದ್ದು ನೈರೋಬಿಯ ಅಂಚಿನ ಕಬೆಟೆಯ ಒಂದು ಎತ್ತಿನಿಂದ. ಲಸಿಕೆ ಹುಟ್ಟಿದ್ದು ಮುಗುಗಾ ಎಂಬ ಊರಿನ ಪ್ರಯೋಗಾಲಯದಲ್ಲಿ.

“ಅಮ್ಮ, ಎರಡೂ ನಾವು ಬಂದ ದಾರಿಯಲ್ಲೇ ಇದ್ದವು” ಎಂದಳು. “ಕಬೆಟೆಯಲ್ಲಿ ನೀನು ಚಹಾ ಬೇಕೆಂದು ಕಾರು ನಿಲ್ಲಿಸಿದ್ದೆ.”

2011ರಲ್ಲಿ ದೊಡ್ಡರೋಗ ಭೂಮಿಯಿಂದಲೇ ಹೋಯಿತೆಂದು ಘೋಷಿಸಿದರು. ಸಿಡುಬಿನ ನಂತರ ಮನುಷ್ಯ ಪೂರ್ತಿ ತೊಲಗಿಸಿದ ರೋಗ ಅದೊಂದೇ. ಪ್ಲೌರೈಟ್ ಅದಕ್ಕೆ ಒಂದು ವರ್ಷ ಮೊದಲು ತೀರಿಕೊಂಡಿದ್ದರು. ಅಪ್ಪ ಇದ್ದರು. ಪತ್ರಿಕೆಯ ಒಳಪುಟದಲ್ಲಿ ಎರಡಂಗುಲದ ಸುದ್ದಿ ಬಂದಿತ್ತು. ಕತ್ತರಿಸಿ ಪಂಚಾಂಗದೊಳಗೆ ಇಟ್ಟುಕೊಂಡರು. “ಇನ್ನು ಆ ಫ್ಲಾಸ್ಕಿಗೆ ಕಾಫಿ ಹಾಕಬಹುದು ನೋಡು” ಎಂದು ಅಮ್ಮನಿಗೆ ಹೇಳಿದರು. ಅಮ್ಮ ಹಾಕಲಿಲ್ಲ.

ಮರುದಿನ ಬೆಳಿಗ್ಗೆ ಚೀತಾ ಸಿಕ್ಕಿತು. ಗೆದ್ದಲು ಹುತ್ತದ ಮೇಲೆ ತಾಯಿ, ಕೆಳಗೆ ಕರಡದ ನಡುವೆ ಮೂರು ಮರಿಗಳು. ಕಣ್ಣಿನ ಒಳಮೂಲೆಯಿಂದ ಬಾಯಿಯವರೆಗೆ ಇಳಿದ ಕಪ್ಪು ಗೆರೆ, ಅಳುವ ಮಗುವಿನ ಕಾಡಿಗೆ ಹರಿದಂತೆ. ಒಂದು ಪ್ರಾಣಿಯ ಬಳಿ ಐದಕ್ಕಿಂತ ಹೆಚ್ಚು ವಾಹನ ನಿಲ್ಲಬಾರದೆಂಬ ನಿಯಮವಿದೆ. ರೇಡಿಯೋದಲ್ಲಿ ಸುದ್ದಿ ಹೋದ ಹತ್ತು ನಿಮಿಷಕ್ಕೆ ಹದಿನಾಲ್ಕು ನಿಂತಿದ್ದವು. ನಮ್ಮದು ಹನ್ನೊಂದನೆಯದು, ಆದ್ದರಿಂದ ನಾನು ದೂರುವ ಹಾಗಿಲ್ಲ. ಚೀತಾ ಎದ್ದು, ವ್ಯಾನುಗಳ ಸಾಲಿನ ಮಧ್ಯೆ ಜಾಗ ಹುಡುಕಿ, ಯಾರ ಮುಖವನ್ನೂ ನೋಡದೆ ದಾಟಿಹೋಯಿತು. ಜಾತ್ರೆಯ ಗದ್ದಲದಲ್ಲಿ ಮಕ್ಕಳನ್ನು ಕರೆದುಕೊಂಡು ಬಸ್‌ಸ್ಟ್ಯಾಂಡಿಗೆ ಹೊರಟ ಹೆಂಗಸಿನ ನಡಿಗೆ ಅದು.

ನಮ್ಮ ಭಾಷೆಯಲ್ಲಿ ಇದಕ್ಕೆ ಸಿವಂಗಿ ಎಂಬ ಹೆಸರಿದೆ. ಹೆಸರಿದೆ ಎಂದ ಮೇಲೆ ಪ್ರಾಣಿಯೂ ಇತ್ತು. ಕೃಷ್ಣಮೃಗ ಇದ್ದಲ್ಲಿ ಸಿವಂಗಿ, ಹುಲ್ಲು ಇದ್ದಲ್ಲಿ ಕೃಷ್ಣಮೃಗ. ನಮ್ಮಲ್ಲಿ ಹುಲ್ಲು ಇದ್ದದ್ದು ಕಾವಲುಗಳಲ್ಲಿ, ಎಂದರೆ ದನಗಳಿಗೆಂದು ಕಾದಿರಿಸಿದ ಹುಲ್ಲುಗಾವಲುಗಳಲ್ಲಿ. ಚಿಕ್ಕದೇವರಾಜ ಒಡೆಯರ ಬೆಣ್ಣೆಚಾವಡಿ ಎಂಬ ದನಗಳ ಇಲಾಖೆಗೆ ಟಿಪ್ಪು ಅಮೃತಮಹಲ್ ಎಂದು ಹೆಸರಿಟ್ಟ. ಅದರ ದನಗಳಿಗೆ ಬೇಸಿಗೆಗೊಂದು, ಮಳೆಗಾಲಕ್ಕೊಂದು, ಚಳಿಗೊಂದು ಎಂದು ಹಾಸನ, ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರುಗಳಲ್ಲಿ ಕಾವಲುಗಳಿದ್ದವು. ಋತು ನೋಡಿ ಹಿಂಡು ಕಾವಲಿನಿಂದ ಕಾವಲಿಗೆ ನಡೆಯುತ್ತಿತ್ತು. ಫಿರಂಗಿ ಎಳೆದ ಎತ್ತುಗಳು ಅಲ್ಲಿ ಮೇಯ್ದು ಬೆಳೆದವು. ತಳಿಯ ಕೇಂದ್ರ ಈಗಲೂ ಅಜ್ಜಂಪುರದಲ್ಲಿದೆ. ಅಪ್ಪನ ಸೈಕಲ್ಲು ದಾಟುತ್ತಿದ್ದದ್ದು ಇಂಥದ್ದೇ ಒಂದು ಕಾವಲನ್ನು. ಅಲ್ಲಲ್ಲಿ ಒಂದು ಜಾಲಿಮರ, ಉಳಿದದ್ದೆಲ್ಲ ಹುಲ್ಲು. ಮಾರಾ ಎಂದರೆ ಮಾಸಾಯಿಗಳ ಮಾ ಭಾಷೆಯಲ್ಲಿ ಚುಕ್ಕೆಚುಕ್ಕೆ ಎಂದರ್ಥ. ಬಯಲಿನಲ್ಲಿ ಮರಗಳು ಮಚ್ಚೆಯಂತೆ ಕಾಣುವುದರಿಂದ ಆ ಹೆಸರು. ನಮ್ಮ ಕಾವಲಿಗೂ ಅದನ್ನೇ ಇಡಬಹುದಿತ್ತು. ಆದರೆ ಸರ್ಕಾರಿ ಕಾಗದದಲ್ಲಿ ಅದು ಬೀಳು, ಖಾಲಿ ಜಾಗ. ಚಳ್ಳಕೆರೆಯ ಕಡೆ ಹತ್ತು ಸಾವಿರ ಎಕರೆ ಕಾವಲು ರಕ್ಷಣಾ ಮತ್ತು ಸಂಶೋಧನಾ ಸಂಸ್ಥೆಗಳ ಬೇಲಿಯೊಳಗೆ ಹೋಯಿತು. ಬೇರೆಡೆ ನೀಲಗಿರಿ ನೆಟ್ಟು ‘ಅರಣ್ಯ’ ಮಾಡಿದರು. ಮರವಿದ್ದರೆ ಮಾತ್ರ ಕಾಡು ಎಂಬ ಭ್ರಮೆ ನನಗೂ ಇತ್ತು. ಪರಿಸರ ದಿನದಂದು ನಾನೇ ಮಕ್ಕಳನ್ನು ಸಾಲಾಗಿ ಕರೆದೊಯ್ದು ಒಂದು ಕಾವಲಿನಲ್ಲಿ ಅಕೇಶಿಯ ನೆಡಿಸಿದ್ದೇನೆ. ಆ ಹುಲ್ಲನ್ನು ನೋಡಲು ಈಗ ನಾನು ವಿಮಾನ ಹತ್ತಿ ಬಂದಿದ್ದೆ.

ಮೀಸಲಿನೊಳಗೆ ದನ ಮೇಯಿಸುವಂತಿಲ್ಲ. ಬರದ ವರ್ಷಗಳಲ್ಲಿ ರಾತ್ರಿ ಒಳಗೆ ಹೊಡೆಯುತ್ತಾರೆಂಬುದು ಎಲ್ಲರಿಗೂ ಗೊತ್ತು, ಚಾಲಕನೂ ಮುಚ್ಚಿಡಲಿಲ್ಲ. ಮೀಸಲಿನ ಹೊರಗೆ ಬೇರೆ ವ್ಯವಸ್ಥೆ ಇದೆ: ಮಾಸಾಯಿಗಳು ತಮ್ಮ ಜಮೀನುಗಳನ್ನು ಒಟ್ಟುಗೂಡಿಸಿ ಕನ್ಸರ್ವೆನ್ಸಿ ಮಾಡಿಕೊಂಡು, ಪ್ರವಾಸಿ ಕ್ಯಾಂಪುಗಳಿಂದ ಬಾಡಿಗೆ ಪಡೆಯುತ್ತಾರೆ. ಸರದಿಯ ಮೇಲೆ ದನಗಳೂ ಮೇಯುತ್ತವೆ, ಜೀಬ್ರಾಗಳೂ ಮೇಯುತ್ತವೆ. ಇವನ ಮನೆಯವರ ಜಮೀನೂ ಅದರಲ್ಲಿದೆ. ಬಾಡಿಗೆ ಸಾಲದೆಂದು ಗೊಣಗಿದ, ಆದರೆ ತಿಂಗಳಿಗೆ ಸರಿಯಾಗಿ ಬರುತ್ತದೆ ಎಂದೂ ಸೇರಿಸಿದ. ಫೆಬ್ರವರಿಯಲ್ಲಿ ನ್ಯುಂಬುಗಳು ಈಯುವ ಬಯಲಿನ ಹತ್ತಿರ ದನಗಳನ್ನು ಬಿಡುವುದಿಲ್ಲವಂತೆ. ನ್ಯುಂಬು ಕರುಗಳಿಂದ ದನಗಳಿಗೆ ಒಂದು ಮಾರಕ ಜ್ವರ ಹತ್ತುತ್ತದೆ. ವೈರಾಣುವನ್ನು ಆಮೇಲೆ ಪತ್ತೆ ಮಾಡಿದ್ದೂ ಅದೇ ಪ್ಲೌರೈಟ್. ಮಾಸಾಯಿಗಳಿಗೆ ಅದು ಅಜ್ಜನ ಕಾಲದಿಂದ ಗೊತ್ತಿದ್ದ ಸಂಗತಿ.

ಊಟದ ವಿಷಯ ಹೇಳದಿದ್ದರೆ ನಮ್ಮ ಓದುಗರು ಬಿಡುವುದಿಲ್ಲ. ಉಗಾಲಿ ಎಂದರೆ ಮೆಕ್ಕೆಜೋಳದ ಹಿಟ್ಟಿನ ಮುದ್ದೆ, ಸುಕುಮಾ ವೀಕಿ ಎಂದರೆ ಸೊಪ್ಪಿನ ಪಲ್ಯ. ಸಾರಿಲ್ಲ ಎಂಬುದೊಂದೇ ಕೊರತೆ. ಬೆಳಿಗ್ಗೆ ಉಜಿ ಎಂಬ ಕಂದು ಗಂಜಿ ಕೊಟ್ಟರು, ಕುಡಿದರೆ ರಾಗಿ ಅಂಬಲಿ! ಆಶ್ಚರ್ಯಪಡಬೇಕಾದವರು ನಾವಲ್ಲ: ರಾಗಿ ಮೂಲತಃ ಪೂರ್ವ ಆಫ್ರಿಕಾದ ಎತ್ತರದ ನಾಡುಗಳ ಬೆಳೆ, ನಮಗೆ ಬಂದದ್ದು ಆಮೇಲೆ. ಅವರ ದನಗಳ ಹಿಣಿಲು ನಮ್ಮ ಕಡೆಯದು.

ಕೊನೆಯ ಸಂಜೆ ಚಾಲಕ ತನ್ನ ದೊಡ್ಡಪ್ಪನ ಮನೆಗೆ ಕರೆದೊಯ್ದ. ಕುಣಿತ, ಮಣಿಸರದ ಮಾರಾಟ ಯಾವುದೂ ಇಲ್ಲದ ಸಾದಾ ಮನೆ. ಮುಳ್ಳುಬೇಲಿಯ ದುಂಡನೆಯ ಆವರಣ, ಅಂಚಿಗೆ ಸಗಣಿ ಮೆತ್ತಿದ ಗಿಡ್ಡ ಗೋಡೆಗಳ ಮನೆಗಳು, ನಡುವೆ ದನದ ದೊಡ್ಡಿ. ನಾವು ಹೋದ ಹೊತ್ತಿಗೆ ದನಗಳು ಮರಳುತ್ತಿದ್ದವು. ಗೋಧೂಳಿ ಎಂಬ ಪದವನ್ನು ನಾನು ಮೂವತ್ತು ವರ್ಷದಿಂದ ಲಗ್ನಪತ್ರಿಕೆಗಳಲ್ಲಿ ಮಾತ್ರ ಓದಿದ್ದೆ. ಇಲ್ಲಿ ಅದು ಮೂಗಿಗೆ ಹತ್ತಿ ಸೀನು ಬಂತು. ಹತ್ತು ವರ್ಷದ ಒಬ್ಬ ಹುಡುಗ ಕೋಲನ್ನು ಹೆಗಲ ಮೇಲೆ ಅಡ್ಡ ಇಟ್ಟು, ಅದರ ಮೇಲೆ ಎರಡೂ ಕೈ ಇಳಿಬಿಟ್ಟು ಹಿಂದೆ ಬರುತ್ತಿದ್ದ. ಮುದುಕರು ಗೇಟಿನ ಬಳಿ ಮೂರುಕಾಲಿನ ಮಣೆಯ ಮೇಲೆ ಕೂತಿದ್ದರು. ಎಣಿಸುತ್ತಿರಲಿಲ್ಲ, ಒಂದೊಂದನ್ನೂ ನೋಡುತ್ತಿದ್ದರು, ಅಷ್ಟೇ. ಒಂದು ಕಂದು ಹಸು ಕುಂಟುತ್ತಿದ್ದದ್ದನ್ನು ಕಂಡು ಹುಡುಗನಿಗೆ ಏನೋ ಅಂದರು. ನಾನು ಹತ್ತಿರ ಹೋಗಿ ಅದರ ಗಂಗೆದೊಗಲು ಸವರಿದೆ. ಮುಂಗಾಲಿನ ಗೊರಸಿನ ಸಂದಿಯಲ್ಲಿ ಜಾಲಿಮುಳ್ಳಿತ್ತು. ತೋರಿಸಿದೆ. ಹುಡುಗ ಕಿತ್ತ.

ಮುದುಕರಿಗೆ ನನ್ನ ಮೇಲೆ ಆಸಕ್ತಿ ಹುಟ್ಟಿತು. ಮಾ ಭಾಷೆಯಲ್ಲಿ ಕೇಳಿದರು, ಚಾಲಕ ಇಂಗ್ಲಿಷಿಗೆ ತಿರುಗಿಸಿದ:

“ನಿಮ್ಮ ಮನೆಯಲ್ಲಿ ಎಷ್ಟು ದನ ಇವೆ ಎಂದು ಕೇಳುತ್ತಿದ್ದಾರೆ, ಮಾಮಾ.”

“ಒಂದೂ ಇಲ್ಲ” ಎಂದೆ.

ಅವರು ಕೋಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿಕೊಂಡು ಮತ್ತೆ ಕೇಳಿದರು.

“ರೋಗ ಬಂತೇ, ಬರ ಬಂತೇ ಎನ್ನುತ್ತಿದ್ದಾರೆ.”

“ಎರಡೂ ಅಲ್ಲ. ಅಪ್ಪ ಹೋದ ಮೇಲೆ ಮಾರಿಬಿಟ್ಟೆವು. ನೋಡಿಕೊಳ್ಳುವವರು ಇರಲಿಲ್ಲ.”

ಚಾಲಕ ಅದನ್ನು ಹೇಳಲು ಸ್ವಲ್ಪ ಹೊತ್ತು ತೆಗೆದುಕೊಂಡ. ಮುದುಕರು ನನ್ನ ಮಗಳನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದರು. ಆಮೇಲೆ ಮಾ ಭಾಷೆ ಬಿಟ್ಟು, ನನಗೆ ನೇರವಾಗಿ ತಿಳಿಯಲೆಂದು ಸ್ವಾಹಿಲಿಯಲ್ಲಿ ಮೆಲ್ಲಗೆ ಹೇಳಿದರು:

“ಪೋಲೆ, ಮಾಮಾ. ಪೋಲೆ ಸಾನಾ.”